ರೋಗಿ "ಹೂಂ" ಅಂದರೆ ಅರ್ಥ ಆಯ್ತು ಅಂತಲೇ?

ವಾರ್ಡ್‌ಮೂಲೆ
ನರ್ಸಿಂಗ್‌ನಲ್ಲಿ ಇರೋರು, ಕಲಿಸೋರು, ರೋಗಿಗಳ ಜೊತೆ ಇರೋರು ಎಲ್ಲರೂ ಹೇಳಿ. ಡಿಸ್‌ಚಾರ್ಜ್ ಹೊತ್ತಿಗೆ ನರ್ಸ್ ಎಲ್ಲಾ ಹೇಳಿರ್ತಾರೆ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ಗಾಯಕ್ಕೆ ನೀರು ಯಾವಾಗಿಂದ ಸೋಕಿಸಬಹುದು, ಮತ್ತೆ ಯಾವತ್ತು ಬರಬೇಕು. ಕೊನೆಗೆ "ಗೊತ್ತಾಯ್ತಾ?" ಅಂತ ಒಂದು ಪ್ರಶ್ನೆ. ರೋಗಿ "ಹೂಂ" ಅಂತಾರೆ. ಫೈಲಿನಲ್ಲಿ "ವಿವರಿಸಲಾಗಿದೆ, ರೋಗಿಗೆ ಅರ್ಥವಾಗಿದೆ" ಅಂತ ಬರೆದು ಸಹಿ ಬೀಳುತ್ತೆ. ನಾಲ್ಕು ದಿನ ಬಿಟ್ಟು ನೋಡಿದರೆ ಬೆಳಗಿನ ಮಾತ್ರೆ ರಾತ್ರಿಗೆ, ರಾತ್ರಿದು ಬೆಳಗ್ಗೆ.
ಆ "ಹೂಂ" ಮೇಲೆ ನಾವು ಇಷ್ಟು ಭಾರ ಹೊರಿಸೋದು ಸರಿಯಾ? ಒಬ್ಬ ರೋಗಿಗೆ ಐದು ನಿಮಿಷ ಸಿಗೋ ಪಾಳಿಯಲ್ಲಿ ಅದರ ಬದಲು ಏನು ಮಾಡಬಹುದು?

ಪಾಠದಮನೆ
"ಗೊತ್ತಾಯ್ತಾ" ಅನ್ನೋ ಪ್ರಶ್ನೆಗೆ ಇರೋದು ಒಂದೇ ಮರ್ಯಾದೆಯ ಉತ್ತರ. "ಇಲ್ಲ" ಅಂದರೆ ದಡ್ಡ ಅನ್ನಿಸಿಕೊಳ್ಳಬೇಕು, ಜೊತೆಗೆ ನಿಂತಿರೋ ನರ್ಸ್‌ಗೆ ಹೊತ್ತಾಗ್ತಿದೆ ಅಂತಲೂ ಕಾಣ್ತಿರುತ್ತೆ. ಹಾಗಾಗಿ ಹೂಂ.
ಇದಕ್ಕೆ ಟೀಚ್-ಬ್ಯಾಕ್ ಅಂತ ಒಂದು ವಿಧಾನ ಇದೆ. ಹೇಳಿದ್ದನ್ನ ರೋಗಿ ತಮ್ಮ ಮಾತಿನಲ್ಲಿ ವಾಪಸ್ ಹೇಳಬೇಕು. ಆದರೆ ಕೇಳೋ ರೀತಿ ಪರೀಕ್ಷೆ ಥರ ಇರಬಾರದು. "ನಾನು ಸರಿಯಾಗಿ ಹೇಳಿದೀನೋ ಇಲ್ವೋ ನೋಡ್ಕೋಬೇಕು. ಮನೇಲಿ ಈ ಮಾತ್ರೆ ಹೇಗೆ ತಗೋತೀರಿ, ನಂಗೊಂದ್ಸಲ ಹೇಳಿ." ಹೀಗೆ ಕೇಳಿದರೆ ತಪ್ಪಿನ ಹೊಣೆ ಹೇಳಿದವರ ಮೇಲಿರುತ್ತೆ, ಕೇಳಿದವರ ಮೇಲಲ್ಲ. ಒಮ್ಮೆಗೆ ಎರಡು ಮೂರು ವಿಷಯ ಮಾತ್ರ ಹೇಳಿ, ಅಲ್ಲಿಗೆ ನಿಲ್ಲಿಸಿ ವಾಪಸ್ ಕೇಳಿ, ಆಮೇಲೆ ಮುಂದಕ್ಕೆ. ಹತ್ತು ವಿಷಯ ಒಟ್ಟಿಗೆ ಸುರಿದು ಕೊನೆಗೆ ಟೀಚ್-ಬ್ಯಾಕ್ ಮಾಡಿದರೆ ಏನೂ ಗಿಟ್ಟಲ್ಲ.

ರಾತ್ರಿಪಾಳಿ
ಇದೆಲ್ಲ ಪುಸ್ತಕದಲ್ಲಿ ಚೆನ್ನಾಗಿದೆ. ಇಪ್ಪತ್ತು ಹಾಸಿಗೆಗೆ ಇಬ್ಬರು ಇರೋ ಕಡೆ ಯಾರಿಗೆ ಅಷ್ಟು ಪುರುಸೊತ್ತು?

ಪಾಠದಮನೆ
@ರಾತ್ರಿಪಾಳಿ ಎಲ್ಲದಕ್ಕೂ ಮಾಡಬೇಕಿಲ್ಲ. ತಪ್ಪಾದರೆ ಜೀವಕ್ಕೆ ಬರೋ ಒಂದೆರಡು ಸಂಗತಿ ಆರಿಸಿಕೊಳ್ಳಿ: ಇನ್ಸುಲಿನ್, ರಕ್ತ ತೆಳು ಮಾಡೋ ಮಾತ್ರೆ, "ಇಂಥ ಲಕ್ಷಣ ಕಂಡರೆ ತಕ್ಷಣ ಬನ್ನಿ" ಅನ್ನೋದು. ಒಂದು ಸಂಗತಿಗೆ ಅರ್ಧ ನಿಮಿಷ ಸಾಕು.

ಔಷಧಿಕಪಾಟು
ವಾಪಸ್ ಹೇಳಿಸಿದರೆ ಏನೇನು ಹೊರಗೆ ಬರುತ್ತೆ ಅಂತ ಕೆಲವು ಹೇಳ್ತೀನಿ. ನಮಗೆ ನೀರು ಕುಡಿದಷ್ಟು ಸಲೀಸಾದ ಪದಗಳೇ ಇಲ್ಲಿ ಎಡವಿಸೋದು.
"ಖಾಲಿ ಹೊಟ್ಟೇಲಿ ತಗೊಳ್ಳಿ." ಬಹಳ ಜನಕ್ಕೆ ಖಾಲಿ ಹೊಟ್ಟೆ ಅಂದರೆ ಬೆಳಗ್ಗೆ ಎದ್ದ ತಕ್ಷಣ ಅಂತ ಮಾತ್ರ. ಊಟಕ್ಕೆ ಒಂದು ಗಂಟೆ ಮುಂಚೆ, ಅಥವಾ ಊಟ ಆಗಿ ಎರಡು ಗಂಟೆ ಮೇಲೆ ಅಂತ ಬಿಡಿಸಿ ಹೇಳಬೇಕು.
"ರಿಪೋರ್ಟ್ ಪಾಸಿಟಿವ್ ಬಂದಿದೆ." ಪಾಸಿಟಿವ್ ಅಂದರೆ ಒಳ್ಳೇದು ಅಂತ ಅಂದುಕೊಂಡು ನಗುಮುಖದಲ್ಲಿ ಹೊರಗೆ ಹೋಗೋರಿದ್ದಾರೆ. "ಸೋಂಕು ಇದೆ ಅಂತ ಗೊತ್ತಾಗಿದೆ" ಅನ್ನಿ.
"ಸಕ್ಕರೆ ಕಡಿಮೆ ಆಗಿದೆ." ಇದು ಎಲ್ಲಕ್ಕಿಂತ ಅಪಾಯ. ವರ್ಷಗಟ್ಟಲೆ "ಸಕ್ಕರೆ ಕಡಿಮೆ ಮಾಡ್ಕೊಳ್ಳಿ" ಅಂತ ಕೇಳಿದವರಿಗೆ ಇದು ಸಿಹಿ ಸುದ್ದಿ. 70ಕ್ಕಿಂತ ಕೆಳಗೆ ಹೋದರೆ ತೊಂದರೆ, ಕೈ ನಡುಕ, ಬೆವರು, ತಲೆ ಮಂಕಾಗೋದು ಅದರ ಗುರುತು, ಆಗ 15 ಗ್ರಾಂ ಗ್ಲೂಕೋಸ್ ತಗೊಂಡು 15 ನಿಮಿಷಕ್ಕೆ ಮತ್ತೆ ನೋಡಬೇಕು. ಇಷ್ಟನ್ನೂ ರೋಗಿಯ ಬಾಯಲ್ಲೇ ಹೇಳಿಸಬೇಕು.
"ಬೇಕಾದಾಗ ತಗೊಳ್ಳಿ." ಎಷ್ಟು ಸಲ? ಎರಡರ ನಡುವೆ ಎಷ್ಟು ಗಂಟೆ? ದಿನಕ್ಕೆ ಹೆಚ್ಚೆಂದರೆ ಎಷ್ಟು? ಈ ಮೂರು ಇಲ್ಲದೆ ಆ ಮಾತು ಹೇಳಲೇಬಾರದು.

ಉಸಿರುಗೊಳವೆ
ಇನ್ಹೇಲರ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಬಾಯಿಮಾತಿನ ಟೀಚ್-ಬ್ಯಾಕ್ ಸಾಲದು, ಮಾಡಿ ತೋರಿಸಬೇಕು. ಒತ್ತಿ ಬಿಡೋ ಥರದ್ದಾದರೆ: ಅಲುಗಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿ ಹಿಡಿದು, ಉಸಿರು ಎಳೆಯೋಕೆ ಶುರು ಮಾಡ್ತಿದ್ದ ಹಾಗೇ ಒತ್ತಿ, ನಿಧಾನಕ್ಕೆ ಆಳವಾಗಿ ಎಳೆದು, 10 ಸೆಕೆಂಡ್ ಹಿಡಿಯಬೇಕು. ಎರಡನೇ ಸಲಕ್ಕೆ ಮುಂಚೆ ಅರ್ಧದಿಂದ ಒಂದು ನಿಮಿಷ ಬಿಡಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು. ಬಾಯಲ್ಲಿ ಎಲ್ಲ ಸರಿಯಾಗಿ ಒಪ್ಪಿಸಿದವರೂ ಕೈಗೆ ಕೊಟ್ಟರೆ ಮೊದಲು ಒತ್ತಿ, ಆಮೇಲೆ ಉಸಿರು ಎಳೀತಾರೆ. ಔಷಧಿ ಗಂಟಲಲ್ಲೇ ನಿಲ್ಲುತ್ತೆ. ಮತ್ತೆ "ಈ ಔಷಧಿ ಕೆಲಸ ಮಾಡಲ್ಲ" ಅಂತ ದೂರು.

ಮದ್ದಳೆ
ವಿಷಯ ಬೇರೆ ಕಡೆ ಹೋಗ್ತಿದೆ ಅನ್ಸತ್ತೆ. ಸಂವಹನದಲ್ಲಿ ಮಾತಿನ ಪಾಲು ಬರೀ 7%, ಮಿಕ್ಕ 93% ದನಿ ಮತ್ತು ದೇಹಭಾಷೆ ಅಂತ ಸಾಬೀತಾಗಿದೆ. ಮುಖದಲ್ಲಿ ನಗು ಇದ್ದರೆ ಪದಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪಾಠದಮನೆ
ಆ ಲೆಕ್ಕ ಎಲ್ಲ ತರಬೇತಿಯಲ್ಲೂ ಬರುತ್ತೆ, ಮತ್ತೆ ಪ್ರತಿ ಸಲವೂ ತಪ್ಪಾಗೇ ಬರುತ್ತೆ. ಅದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳದ್ದು. ಬಿಡಿ ಪದಗಳನ್ನ ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಮಾತಾಡಿದವರಿಗೆ ಇಷ್ಟವೋ ಇಷ್ಟವಿಲ್ಲವೋ ಅಂತ ಕೇಳಿದ್ದು. ಪದ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ ಜನ ಭಾವನೆಯ ವಿಷಯದಲ್ಲಿ ಯಾವುದನ್ನ ನಂಬ್ತಾರೆ ಅನ್ನೋದಷ್ಟೇ ಅಲ್ಲಿನ ಪ್ರಶ್ನೆ. "ದಿನಕ್ಕೆರಡು ಮಾತ್ರೆ, ಹನ್ನೆರಡು ಗಂಟೆ ಅಂತರ" ಅನ್ನೋದನ್ನ 93% ನಗುವಿನಲ್ಲಿ ಹೇಳೋಕಾಗಲ್ಲ.
ಆದರೆ ಅದರಲ್ಲಿ ನಮಗೆ ಬೇಕಾದ ಒಂದು ತಿರುಳಿದೆ. "ಏನಾದರೂ ಕೇಳೋದಿದ್ದರೆ ಕೇಳಿ" ಅಂತ ಬಾಯಲ್ಲಿ ಹೇಳಿ, ಕೈ ಟ್ರಾಲಿ ತಳ್ತಾ ಇದ್ದರೆ ರೋಗಿ ನಂಬೋದು ಟ್ರಾಲಿಯನ್ನ.

ಮದ್ದಳೆ
ಒಪ್ಪಿದೆ. ಮೂಲ ಗೊತ್ತಿರಲಿಲ್ಲ, ಥ್ಯಾಂಕ್ಸ್.

ಹಾಸಿಗೆಪಕ್ಕ
ರೋಗಿಯ ಜೊತೆಯವರ ಕಡೆಯಿಂದ ಒಂದು ಮಾತು. ಬಂದ ನರ್ಸ್ ಯಾರು, ಹೆಸರೇನು, ಏನು ಮಾಡೋಕೆ ಬಂದರು ಅಂತ ಹೇಳೋದೇ ಇಲ್ಲ. ಸೀದಾ ಬಂದು ಕೈ ಹಿಡಿದು ಪಟ್ಟಿ ಕಟ್ಟೋಕೆ ಶುರು. ರೋಗಿಗೆ ಅದು ಬಿಪಿ ನೋಡೋದೋ ರಕ್ತ ತೆಗೆಯೋದೋ ಗೊತ್ತಿರಲ್ಲ, ಮೈಯೆಲ್ಲ ಬಿಗಿ ಆಗಿರುತ್ತೆ.

ಬಿಳಿಶೂ
ಬ್ರಿಟನ್ನಿನ ವೈದ್ಯೆ ಕೇಟ್ ಗ್ರೇಂಜರ್ 2013ರಲ್ಲಿ ಇದನ್ನೇ ಒಂದು ಆಂದೋಲನ ಮಾಡಿದರು. ಅವರೇ ಕ್ಯಾನ್ಸರ್ ರೋಗಿಯಾಗಿ ಮಲಗಿದ್ದಾಗ ನೋಡಿಕೊಳ್ಳೋಕೆ ಬಂದ ಎಷ್ಟೋ ಸಿಬ್ಬಂದಿ ತಮ್ಮ ಹೆಸರೇ ಹೇಳಲಿಲ್ಲ ಅನ್ನೋದು ಅವರ ಕಣ್ಣಿಗೆ ಬಿತ್ತು. 2016ರಲ್ಲಿ ತೀರಿಕೊಂಡರು. ಆಂದೋಲನ ಇವತ್ತಿಗೂ ಇದೆ. ಐದು ಸೆಕೆಂಡಿನ ಕೆಲಸ: "ನಾನು ಇಂಥವಳು, ರಾತ್ರಿ ಎಂಟರ ತನಕ ನಿಮ್ಮನ್ನ ನೋಡ್ಕೊಳ್ಳೋ ನರ್ಸ್. ಈಗ ಬಿಪಿ ನೋಡ್ತೀನಿ, ಎರಡು ನಿಮಿಷ. ತೋಳು ಸ್ವಲ್ಪ ಬಿಗಿ ಆಗುತ್ತೆ, ಆಮೇಲೆ ಸಡಿಲ ಆಗುತ್ತೆ." ಯಾರು, ಏನು, ಎಷ್ಟು ಹೊತ್ತು, ಹೇಗನ್ನಿಸುತ್ತೆ. ನಾಲ್ಕೂ ಬಂತು.
ಅಮೆರಿಕದ ನರ್ಸಿಂಗ್ ಚಿಂತಕಿ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲೇ ನರ್ಸ್ ರೋಗಿಯ ಮುಂದೆ ತಾಳೋ ಪಾತ್ರಗಳನ್ನ ಪಟ್ಟಿ ಮಾಡಿದಾಗ ಮೊದಲನೇದು "ಅಪರಿಚಿತರು" ಅಂತಲೇ ಇಟ್ಟರು. ಬೋಧಕಿ, ಸಲಹೆಗಾರ್ತಿ ಎಲ್ಲ ಆಮೇಲೆ. ಅಪರಿಚಿತರಿಗೆ ತೋರಿಸೋ ಸಾಮಾನ್ಯ ಸೌಜನ್ಯವೇ ಮೊದಲ ಮೆಟ್ಟಿಲು.

ರಾತ್ರಿಪಾಳಿ
ಹೂಂ ವಿಷಯಕ್ಕೇ ವಾಪಸ್ ಬರ್ತೀನಿ, ಇದು ಡಿಸ್‌ಚಾರ್ಜಿಗಿಂತ ದೊಡ್ಡದು. ಮಾತ್ರೆ ಕೊಡೋ ಮುಂಚೆ "ನೀವು ಇಂಥವರೇ ಅಲ್ವಾ?" ಅಂತ ಕೇಳಿದರೆ ಅರೆನಿದ್ದೆಯಲ್ಲಿರೋರು, ಕಿವಿ ಮಂದ ಇರೋರು, ಹೆದರಿದವರು ಎಲ್ಲರೂ ಹೂಂ ಅಂತಾರೆ. ಯಾರ ಹೆಸರು ಕೂಗಿದರೂ ಹೂಂ. "ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ತಾರೀಕು ಹೇಳಿ" ಅಂತಲೇ ಕೇಳಬೇಕು, ಬಂದ ಉತ್ತರವನ್ನ ಕೈಪಟ್ಟಿಗೆ (ರೋಗಿಯ ಮಣಿಕಟ್ಟಿಗೆ ಕಟ್ಟಿರೋ ಗುರುತಿನ ಪಟ್ಟಿ) ಹೋಲಿಸಬೇಕು. ಎರಡು ಗುರುತು ಕಡ್ಡಾಯ. ಹಾಸಿಗೆ ನಂಬರ್ ಗುರುತಲ್ಲ, ಹಾಸಿಗೆ ಬದಲಾಗುತ್ತೆ.

ವಾರ್ಡ್‌ಮೂಲೆ
@ರಾತ್ರಿಪಾಳಿ ಇದು ಹೊಳೆದಿರಲಿಲ್ಲ. ನೀವೇ ಪುರುಸೊತ್ತಿಲ್ಲ ಅಂದಿರಿ, ನೀವೇ ದೊಡ್ಡ ಉದಾಹರಣೆ ಕೊಟ್ಟಿರಿ.

ರಾತ್ರಿಪಾಳಿ
ಪುರುಸೊತ್ತಿಲ್ಲ ಅನ್ನೋದು ಈಗಲೂ ನಿಜವೇ. ಆದರೆ ಇದಕ್ಕೆ ಹೆಚ್ಚು ಹೊತ್ತು ಬೇಡ. ಪ್ರಶ್ನೆ ತಿರುಗಿಸಿ ಕೇಳಿದರೆ ಆಯ್ತು.

ಕಿವಿಮಾತು
ಕಿವಿ ಮಂದ ಅಂದದ್ದಕ್ಕೆ: ದಯವಿಟ್ಟು ಕಿರುಚಬೇಡಿ. ವಯಸ್ಸಾದ ಮೇಲೆ ಮೊದಲು ಕೇಳದೆ ಹೋಗೋದು ತೀಕ್ಷ್ಣ ಸದ್ದುಗಳು. ಸ, ಶ, ಚ, ತ ಥರದ ವ್ಯಂಜನಗಳು ಅಳಿಸಿ ಹೋಗ್ತವೆ, ಸ್ವರಗಳು ಉಳೀತವೆ. ಕಿರುಚಿದರೆ ಜೋರಾಗೋದು ಸ್ವರಗಳೇ, ವ್ಯಂಜನ ಇನ್ನೂ ಮುಚ್ಚಿಹೋಗುತ್ತೆ. ದನಿಯ ಶ್ರುತಿ ತಗ್ಗಿಸಿ, ನಿಧಾನ ಮಾಡಿ, ಎದುರಿಗೆ ಒಂದು ಮೀಟರ್ ಒಳಗೆ ಕೂತು ಮಾತಾಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಮಾಡಿ ನಿಂತರೆ ನಿಮ್ಮ ತುಟಿ ಅವರಿಗೆ ಕಪ್ಪಾಗಿ ಕಾಣುತ್ತೆ. ಎರಡು ಸಲ ಹೇಳಿದರೂ ಕೇಳದಿದ್ದರೆ ಮೂರನೇ ಸಲ ಅದೇ ವಾಕ್ಯ ಬೇಡ, ಪದ ಬದಲಿಸಿ. "ಅರವತ್ತು", "ಐವತ್ತು" ಒಂದೇ ಥರ ಕೇಳ್ತವೆ, ಅಂಕಿ ಬಿಡಿಸಿ ಹೇಳಿ: ಆರು, ಸೊನ್ನೆ. ಆಮೇಲೆ ದಪ್ಪ ಪೆನ್ನಲ್ಲಿ ಬರೆದು ಕೊಡಿ. ಮಾಸ್ಕ್ ತೆಗೆಯೋ ಹಾಗಿಲ್ಲ ಅಂದರೆ ಮೊದಲೇ ಬರೆದು ತೋರಿಸಿ. ಶ್ರವಣ ಯಂತ್ರ ಡಬ್ಬಿಯಲ್ಲೇ ಇದೆಯಾ ಅಂತ ಎಲ್ಲಕ್ಕೂ ಮೊದಲು ನೋಡಿ, ಬಹಳ ಸಲ ಅಲ್ಲೇ ಇರುತ್ತೆ.

ಬಿಳಿಶೂ
ವಯಸ್ಸಾದವರ ವಿಷಯಕ್ಕೆ ಇನ್ನೊಂದು. "ಬಂಗಾರಾ, ನಾವೀಗ ಮಾತ್ರೆ ತಗೊಳ್ಳೋಣ್ವಾ?" ಅಂತ ಮಗುವಿಗೆ ಹೇಳೋ ರಾಗದಲ್ಲಿ ಮಾತಾಡೋದು. ಮರೆವಿನ ಕಾಯಿಲೆ ಇರೋರಲ್ಲಿ ಇಂಥ ಮಾತು ಕೇಳಿದಾಗ ಆರೈಕೆಗೆ ವಿರೋಧ ಹೆಚ್ಚಾಗುತ್ತೆ ಅಂತ ವಿಡಿಯೋ ದಾಖಲಿಸಿ ನೋಡಿದ ಅಧ್ಯಯನಗಳಲ್ಲಿ ಕಂಡಿದೆ: ಮುಖ ತಿರುಗಿಸೋದು, ಕೈ ತಳ್ಳೋದು, ಕೂಗೋದು.

ಹಾಸಿಗೆಪಕ್ಕ
ಪ್ರೀತಿಯಿಂದ ಅಜ್ಜಿ ಅಂದರೂ ತಪ್ಪಾ? ಇಷ್ಟು ಕಟ್ಟುನಿಟ್ಟಾದರೆ ಮಾತೇ ಒಣಗಿಹೋಗುತ್ತೆ.

ಬಿಳಿಶೂ
ತಪ್ಪು ಅನ್ನಲಿಲ್ಲ. ಮೊದಲ ಭೇಟಿಯಲ್ಲೇ "ನಿಮ್ಮನ್ನ ಏನಂತ ಕರೀಲಿ?" ಅಂತ ಕೇಳಿಬಿಡಿ. ಅಜ್ಜಿ ಅನ್ನಿ ಅಂದರೆ ಅಜ್ಜಿ. ಹೆಸರು ಹಿಡಿದು ಕರೀರಿ ಅಂದರೆ ಹೆಸರು. ಅದನ್ನ ಫೈಲಿನ ಮೊದಲ ಪುಟದಲ್ಲಿ ಬರೆದರೆ ಮುಂದಿನ ಪಾಳಿಯವರಿಗೂ ಆಯ್ತು. ಏಕವಚನ ಮಾತ್ರ ಅವರಾಗೇ ಹೇಳದೆ ಬೇಡ.

ಮಕ್ಕಳಕೋಣೆ
ಮಕ್ಕಳಿಗೆ ಸೂಜಿ ಹಾಕೋವಾಗ "ಏನೂ ಆಗಲ್ಲ, ನೋಯಲ್ಲ" ಅನ್ನೋದನ್ನ ನಿಲ್ಲಿಸಬೇಕು. ಒಂದು ಸಲ ನೋವಾದರೆ ಮುಂದಿನ ಯಾವ ಮಾತನ್ನೂ ಆ ಮಗು ನಂಬಲ್ಲ. ಹಾಗೇ "ಸೂಜಿ ಹಾಕ್ಲಾ ಪುಟ್ಟಾ?" ಅಂತಲೂ ಕೇಳಬೇಡಿ. ಬೇಡ ಅನ್ನುತ್ತೆ, ನೀವು ಹಾಕೇ ಹಾಕ್ತೀರಿ, ಕೇಳಿದ್ದು ಸುಳ್ಳಾಯ್ತು. ನಿಜವಾಗಿ ಕೊಡಬಹುದಾದ ಆಯ್ಕೆ ಮಾತ್ರ ಕೊಡಿ: ಎಡಗೈಯಾ ಬಲಗೈಯಾ? ನೋಡ್ತೀಯಾ, ಆ ಕಡೆ ತಿರುಗ್ತೀಯಾ? ಮಲಗಿಸಿ ನಾಲ್ಕು ಜನ ಅದುಮಿ ಹಿಡಿಯೋದಕ್ಕಿಂತ ಅಪ್ಪನೋ ಅಮ್ಮನೋ ತೊಡೆ ಮೇಲೆ ನೆಟ್ಟಗೆ ಕೂರಿಸಿ ತಬ್ಬಿ ಹಿಡಿದರೆ ಅಳು ಕಡಿಮೆ.
ನೋವು ಎಷ್ಟು ಅಂತ ಕೇಳೋಕೆ ಮೂರು ವರ್ಷದಿಂದ ಮೇಲೆ ಮುಖಗಳ ಚಿತ್ರ ಇರೋ ಅಳತೆ ಬಳಸಬಹುದು. "ಇದರಲ್ಲಿ ನಿಂಗೆ ಎಷ್ಟು ನೋಯ್ತಿದೆ ತೋರಿಸು" ಅನ್ನಬೇಕು. "ನಿನ್ನ ಮುಖ ಯಾವುದು" ಅಂದರೆ ಬೇಜಾರಿನ ಮುಖ ತೋರಿಸುತ್ತೆ, ಅದು ನೋವಿನ ಲೆಕ್ಕ ಆಗಲ್ಲ. ಮಾತು ಬಾರದ ಕೂಸಿಗೆ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಆಗೋದು ಅಂತ ಐದು ಅಂಶ, ಒಂದೊಂದಕ್ಕೆ 0ಯಿಂದ 2, ಒಟ್ಟು 10.

ಔಷಧಿಕಪಾಟು
ಹಾಗಾದರೆ "ಈಗ ಜೋರಾಗಿ ನೋಯುತ್ತೆ" ಅಂತ ಮೊದಲೇ ಹೇಳಿಬಿಡೋದು ಪ್ರಾಮಾಣಿಕ, ಅಲ್ವಾ?

ಮಕ್ಕಳಕೋಣೆ
ಅದೂ ಅಲ್ಲ. ದೊಡ್ಡವರ ಮೇಲೆ ನಡೆದದ್ದು ಹೇಳ್ತೀನಿ. 2010ರಲ್ಲಿ ಪ್ರಕಟವಾದ ಅಧ್ಯಯನ, ತುಂಬು ಗರ್ಭಿಣಿಯರು 140 ಜನ. ಬೆನ್ನಿಗೆ ಮರಗಟ್ಟೋ ಚುಚ್ಚುಮದ್ದು ಕೊಡೋ ಮುಂಚೆ ಅರ್ಧ ಜನಕ್ಕೆ "ಈ ಜಾಗ ಮರಗಟ್ಟಿಸ್ತೀವಿ, ನಿಮಗೆ ಆರಾಮಾಗಿರುತ್ತೆ" ಅಂತ ಹೇಳಿದರು. ಮಿಕ್ಕ ಅರ್ಧಕ್ಕೆ "ದೊಡ್ಡ ಜೇನುನೊಣ ಕಚ್ಚಿದ ಹಾಗಾಗುತ್ತೆ, ಇದೇ ಎಲ್ಲಕ್ಕಿಂತ ಕಷ್ಟದ್ದು" ಅಂತ. ಹತ್ತರಲ್ಲಿ ಮೊದಲ ಗುಂಪಿನ ನೋವಿನ ಮಧ್ಯಾಂಕ (ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರೋ ಅಂಕ) 3, ಎರಡನೇದು 5. ಸೂಜಿ ಅದೇ, ಮದ್ದು ಅದೇ.
ಸುಳ್ಳೂ ಬೇಡ, ಹೆದರಿಸೋದೂ ಬೇಡ. ಏನು ಮಾಡ್ತೀನಿ, ಯಾಕೆ, ಎಷ್ಟು ಹೊತ್ತು ಹೇಳಿ: "ಈಗ ಸೂಜಿ ಹಾಕ್ತೀನಿ, ಮೂರು ಎಣಿಸೋಷ್ಟು ಹೊತ್ತು. ಒಬ್ಬೊಬ್ಬರಿಗೆ ಒಂದೊಂದು ಥರ ಅನ್ಸುತ್ತೆ. ನಿಂಗೆ ಹೇಗನ್ನಿಸ್ತು ಆಮೇಲೆ ಹೇಳು."

ನಳಿಕೆ
ಐಸಿಯು ಕಡೆ ಬನ್ನಿ. ಅಲ್ಲಿ ಹೂಂ ಅನ್ನೋಕೂ ಆಗಲ್ಲ. ಉಸಿರಿನ ನಳಿಕೆ ಧ್ವನಿತಂತುಗಳ ನಡುವೆಯೇ ಹಾದು ಹೋಗಿರುತ್ತೆ, ಅದರ ತುದಿಯ ಬಲೂನು ಗಾಳಿ ಮೇಲಕ್ಕೆ ಬರದ ಹಾಗೆ ತಡೆದಿರುತ್ತೆ. ರೋಗಿ ಎಚ್ಚರಾಗಿ ದನಿ ಇಲ್ಲ ಅಂತ ಗೊತ್ತಾದಾಗ ಆಗೋ ಗಾಬರಿ ದೊಡ್ಡದು. ಮೊದಲ ಮಾತೇ ಅದಾಗಿರಬೇಕು: "ಬಾಯಲ್ಲಿ ನಳಿಕೆ ಇದೆ, ಅದಕ್ಕೇ ದನಿ ಬರ್ತಿಲ್ಲ. ನಳಿಕೆ ತೆಗೆದ ಮೇಲೆ ಮಾತಾಡಬಹುದು."
ಆಮೇಲೆ ಹೌದು-ಅಲ್ಲ ಸನ್ನೆ ಗೊತ್ತು ಮಾಡಿಕೊಳ್ಳಿ. ಹೆಬ್ಬೆರಳು ಎತ್ತಿದರೆ ಹೌದು, ಮುಷ್ಟಿ ಹಿಡಿದರೆ ಅಲ್ಲ, ಅಂತ. ಅದನ್ನ ಹಾಸಿಗೆ ತಲೆಕಡೆ ಬರೆದು ಅಂಟಿಸಿ. ಒಂದು ಪಾಳಿಯಲ್ಲಿ ಕಣ್ಣು ಮಿಟುಕಿಸೋದು ಹೌದು, ಇನ್ನೊಂದರಲ್ಲಿ ಕೈ ಒತ್ತೋದು ಹೌದು ಅಂತಾದರೆ ರೋಗಿ ಕೈ ಚೆಲ್ಲಿಬಿಡ್ತಾರೆ. ಒಂದು ಸಲಕ್ಕೆ ಒಂದೇ ಪ್ರಶ್ನೆ. "ನೋವಿದೆಯಾ, ಬಾಯಿ ಒಣಗಿದೆಯಾ, ಮಗ್ಗುಲಾಗಬೇಕಾ?" ಅಂತ ಮೂರನ್ನ ಒಂದೇ ಉಸಿರಲ್ಲಿ ಕೇಳಿದರೆ ಹೆಬ್ಬೆರಳು ಯಾವುದಕ್ಕೆ ಎದ್ದಿತು? ಕೇಳಿ ಹತ್ತು ಸೆಕೆಂಡಾದರೂ ಕಾಯಿರಿ. ಅಕ್ಷರಗಳ ಹಲಗೆ ಇದ್ದರೆ ಸಾಲುಸಾಲಾಗಿ ಬೆರಳಿಟ್ಟು ಹೋಗಿ, ಮೊದಲು ಸಾಲು ಸಿಗಲಿ, ಆಮೇಲೆ ಅಕ್ಷರ.

ಪಾಠದಮನೆ
ಪಾರ್ಶ್ವವಾಯು ಆಗಿ ಮಾತು ಹೋದವರಿಗೆ ಅಕ್ಷರದ ಹಲಗೆ ಕೊಟ್ಟರೆ ಮಾತ್ರ ಬಹಳ ಸಲ ನಡೆಯಲ್ಲ, ಅವರಿಗೆ ಭಾಷೆಯೇ ತೊಡಕಾಗಿರುತ್ತೆ. ಚಿತ್ರ ಕೊಡಿ. ಅವರ "ಹೌದು" ಕೂಡ ನಂಬೋ ಹಾಗಿದೆಯಾ ಅಂತ ಉತ್ತರ ಗೊತ್ತಿರೋ ಪ್ರಶ್ನೆಯಿಂದ ಪರೀಕ್ಷಿಸಿ: "ನೀವೀಗ ಮನೇಲಿದ್ದೀರಾ?" ಅದಕ್ಕೂ ಹೌದು ಅಂದರೆ ಮಿಕ್ಕ ಹೌದುಗಳನ್ನ ಹುಷಾರಾಗಿ ನೋಡಬೇಕು.

ಹಾಸಿಗೆಪಕ್ಕ
ಒಂದು ಕೇಳಲಾ? ರೋಗಿ ನೇರವಾಗಿ "ನಂಗೆ ಕ್ಯಾನ್ಸರಾ ಸಿಸ್ಟರ್?" ಅಂತ ಕೇಳ್ತಾರೆ. ಡಾಕ್ಟರ್ ಇನ್ನೂ ಹೇಳಿರಲ್ಲ. ನರ್ಸ್ "ಹಂಗೇನಿಲ್ಲ ಬಿಡಿ" ಅಂತ ಹೊರಟುಬಿಡ್ತಾರೆ. ಏನು ಮಾಡಬೇಕು ಅವರು?

ಬಿಳಿಶೂ
ಈ ಚರ್ಚೆಯಲ್ಲಿ ಬಂದ ಅತಿ ಕಷ್ಟದ ಪ್ರಶ್ನೆ. "ಹಂಗೇನಿಲ್ಲ" ಸುಳ್ಳಾಗಬಹುದು. "ಡಾಕ್ಟರನ್ನ ಕೇಳಿ" ಅನ್ನೋದು ನಿಜ, ಆದರೆ ಬಾಗಿಲು ಮುಚ್ಚಿದ ಹಾಗೆ. ರೋಗನಿರ್ಣಯ ಹೇಳೋದು ನರ್ಸ್ ಕೆಲಸ ಅಲ್ಲ, ನಿಜ. ಆದರೆ ಆ ಪ್ರಶ್ನೆ ಕೇಳಿಸಿಕೊಳ್ಳೋದು ನರ್ಸ್ ಕೆಲಸವೇ.
ಮೊದಲು ಕೂತ್ಕೊಳ್ಳಿ. ಕೈಯಲ್ಲಿರೋದನ್ನ ಕೆಳಗಿಡಿ. "ಅದೇ ಯೋಚನೆ ಕೊರೀತಿದೆ ಅನ್ಸುತ್ತೆ" ಅಂತ ಹೇಳಿ ಸುಮ್ಮನಿರಿ. ಮನಸ್ಸಲ್ಲೇ ಐದು ಎಣಿಸಿ. ಆ ಮೌನ ಉದ್ದ ಅನ್ನಿಸೋದು ನಮಗೆ, ರೋಗಿಗೆ ಅದು ಜಾಗ. "ಯಾಕೆ ಹಂಗನ್ಕೊಂಡ್ರಿ?" ಬೇಡ, ಯಾಕೆ ಅನ್ನೋದು ತಪ್ಪು ಹಿಡಿದ ಹಾಗೆ ಕೇಳುತ್ತೆ. "ಇಲ್ಲಿ ತನಕ ನಿಮಗೆ ಏನು ಹೇಳಿದ್ದಾರೆ? ಯಾವುದು ಕೇಳಿ ಹಾಗನ್ನಿಸ್ತು?" ಅನ್ನಿ. ಆಮೇಲೆ, "ಅದನ್ನ ಹೇಳಬೇಕಾದವರು ಡಾಕ್ಟರ್. ನೀವು ಕೇಳ್ತಿದ್ದೀರಿ ಅಂತ ಈಗಲೇ ತಿಳಿಸ್ತೀನಿ, ಯಾವಾಗ ಬರ್ತಾರೆ ಅಂತ ಕೇಳ್ಕೊಂಡು ನಾನೇ ಬಂದು ಹೇಳ್ತೀನಿ." ಹೇಳಿದ ಮೇಲೆ ಬರಲೇಬೇಕು, ಉತ್ತರ ಸಿಗದಿದ್ದರೂ "ಇನ್ನೂ ಸಿಕ್ಕಿಲ್ಲ" ಅಂತ ಹೇಳೋಕಾದರೂ ಬರಬೇಕು. ರೋಗಿ ಕೇಳಿದ ಮಾತನ್ನ ಅವರದೇ ಪದಗಳಲ್ಲಿ ದಾಖಲೆಯಲ್ಲಿ ಬರೀರಿ. "ರೋಗಿಗೆ ಆತಂಕ" ಅಂತ ಮಾತ್ರ ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗಲ್ಲ.

ನಳಿಕೆ
ಕೂತ್ಕೊಳ್ಳೋದಕ್ಕೆ ಆಧಾರ ಇದೆ. 2012ರ ಅಧ್ಯಯನದಲ್ಲಿ ಕೂತು ಮಾತಾಡಿದಾಗ ಹೆಚ್ಚು ಹೊತ್ತು ಇದ್ದರು ಅಂತ ರೋಗಿಗಳು ಹೇಳಿದರು. ಗಡಿಯಾರದ ಪ್ರಕಾರ ಹೊತ್ತು ಹೆಚ್ಚಿರಲಿಲ್ಲ.

ರಾತ್ರಿಪಾಳಿ
ಅದು ಶಸ್ತ್ರವೈದ್ಯರ ಮೇಲೆ ನಡೆದದ್ದು, ನರ್ಸ್‌ಗಳ ಮೇಲಲ್ಲ. ಡಾಕ್ಟರ್ ಕೂತರೆ ರೋಗಿಗೆ ಅದೇ ಒಂದು ವಿಶೇಷ. ಆದರೂ ಕೂರೋಕೆ ಸ್ಟೂಲ್ ಇಡಿಸಿ ಮೊದಲು, ಬಹಳ ಕಡೆ ಅದೇ ಇರಲ್ಲ. ಹಾಸಿಗೆ ಮೇಲೆ ಕೂರೋದು ಸೋಂಕಿನ ದೃಷ್ಟಿಯಿಂದ ಬೇಡ.

ಪಾಠದಮನೆ
ರೋಗಿಗೆ ನಾವು ಕೊನೆಗೆ ಕೇಳೋ ಪ್ರಶ್ನೆ ಬಗ್ಗೆಯೂ ಒಂದು. 2007ರಲ್ಲಿ ಅಮೆರಿಕದ ಕುಟುಂಬ ವೈದ್ಯರ ಮೇಲೆ ಒಂದು ಪ್ರಯೋಗ ಆಯ್ತು. "ಬೇರೆ ಏನೂ ಇಲ್ವಾ?" ಅನ್ನೋ ಧಾಟಿಯ ಪ್ರಶ್ನೆಗೂ "ಇನ್ನೂ ಒಂದಷ್ಟು ಇದೆಯಾ?" ಅನ್ನೋ ಧಾಟಿಗೂ ಇರೋ ವ್ಯತ್ಯಾಸ ನೋಡಿದರು. ಒಂದಕ್ಕಿಂತ ಹೆಚ್ಚು ತೊಂದರೆ ಇಟ್ಟುಕೊಂಡು ಬಂದವರಲ್ಲಿ, ಹೇಳದೇ ಉಳಿದುಹೋಗೋ ತೊಂದರೆಗಳು ಎರಡನೇ ಧಾಟಿಯಿಂದ 78% ಕಡಿಮೆಯಾದವು. ಇಂಗ್ಲಿಷಿನಲ್ಲಿ ಒಂದೇ ಪದದ ಬದಲಾವಣೆ ಅದು. ನಮ್ಮಲ್ಲಿ "ಬೇರೇನಿಲ್ಲ ಅಲ್ವಾ?" ಅಂತ ಕೇಳೋದು ಇನ್ನೂ ಕೆಟ್ಟದ್ದು, ಉತ್ತರ ನಾವೇ ತುಂಬಿಕೊಟ್ಟ ಹಾಗೆ. "ಇನ್ನೂ ಏನೇನು ಕೇಳಬೇಕು ಅಂತಿದ್ರಿ?" ಅನ್ನಿ.

ವಾರ್ಡ್‌ಮೂಲೆ
ಎಲ್ಲರಿಗೂ ಥ್ಯಾಂಕ್ಸ್. ಗೋಡೆಗೆ ಅಂಟಿಸೋಕೆ ಒಂದು ಚೀಟಿ ಮಾಡ್ತಿದೀನಿ, ತಿದ್ದಿ:
"ಗೊತ್ತಾಯ್ತಾ?" ಬದಲು "ಮನೇಲಿ ಹೇಗೆ ಮಾಡ್ತೀರಿ, ಹೇಳಿ."
"ನೀವು ಇಂಥವರಾ?" ಬದಲು "ನಿಮ್ಮ ಹೆಸರು, ಹುಟ್ಟಿದ ತಾರೀಕು ಹೇಳಿ."
"ಬೇರೇನಿಲ್ಲ ಅಲ್ವಾ?" ಬದಲು "ಇನ್ನೂ ಏನೇನು ಕೇಳಬೇಕು ಅಂತಿದ್ರಿ?"
"ಏನೂ ಆಗಲ್ಲ" ಬದಲು "ಯಾವುದರ ಬಗ್ಗೆ ಹೆಚ್ಚು ಯೋಚನೆ ಆಗ್ತಿದೆ?"

ಕಿವಿಮಾತು
ಕೈಪಟ್ಟಿ ಹೋಲಿಸಿ ಅಂತ ಎರಡನೇ ಸಾಲಿಗೆ ಸೇರಿಸಿ. ಅಕ್ಷರ ದೊಡ್ಡದಿರಲಿ.

ಹಾಸಿಗೆಪಕ್ಕ
ಬೇರೆ ಭಾಷೆಯ ರೋಗಿ ಆದರೆ? ಜೊತೇಲಿರೋ ಮಗುವಿನ ಕೈಲಿ ಹೇಳಿಸ್ತಾರಲ್ಲ?

ಪಾಠದಮನೆ
ಮಗುವಿನ ಕೈಲಿ ಬೇಡವೇ ಬೇಡ, ಮನೆಯವರ ಕೈಲೂ ಆದಷ್ಟು ಬೇಡ. ಕೆಟ್ಟ ಸುದ್ದಿಯನ್ನ ಅವರು ಮೆತ್ತಗೆ ಮಾಡ್ತಾರೆ, ಮುಜುಗರದ ಪ್ರಶ್ನೆಯನ್ನ ಬಿಟ್ಟೇಬಿಡ್ತಾರೆ. ತರಬೇತಿ ಇರೋ ದುಭಾಷಿ ಇರಲಿ, ಫೋನಿನಲ್ಲಾದರೂ ಸರಿ. ಮಾತಾಡೋವಾಗ ದುಭಾಷಿ ಮುಖ ನೋಡಬೇಡಿ, ರೋಗಿ ಮುಖ ನೋಡಿ. ಒಂದೆರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ಟೀಚ್-ಬ್ಯಾಕ್ ಅಲ್ಲೂ ಮಾಡಿಸಿ, ದುಭಾಷಿ ಮೂಲಕವೇ. ಇದಕ್ಕೆ ಬೇರೆ ಚರ್ಚೆ ತೆಗೆಯೋಣ, ಹೇಳೋದು ಬಹಳ ಇದೆ.